ಹವಾಯಿ ಭಾಷೆಗೆ ಪದಪಟ್ಟಿ ಸಾಲದು, ವೆಹೆವೆಹೆ ನಿಘಂಟು ಬೇಕು

ಹವಾಯಿಗೆ ಹೊರಟವರ ಕೈಗೆ ಮೊದಲು ಸಿಗುವುದು ‘ಕಲಿಯಲೇಬೇಕಾದ ಐವತ್ತು ಪದಗಳು’ ಥರದ ಪಟ್ಟಿ. ಅಲೊಹ (ನಮಸ್ಕಾರ), ಮಹಲೊ (ಧನ್ಯವಾದ) ಎಲ್ಲ ಅದರಲ್ಲಿರುತ್ತವೆ, ಉಚ್ಚಾರಣೆ ತೋರಿಸುವ ಗುರುತುಗಳೇ ನಾಪತ್ತೆ. ಅದಕ್ಕೆ ದುಡ್ಡು ಕೊಡುವ ಮೊದಲು ವೆಹೆವೆಹೆ ಡಾಟ್ ಆರ್ಗ್ ತೆರೆದು ನೋಡಿ. ಹಿಲೊ ನಗರದ ಹವಾಯಿ ವಿಶ್ವವಿದ್ಯಾಲಯದ ಹಲೆ ಕುಅಮೊ’ಒ ಮತ್ತು ಅಲು ಲಿಕೆ ಸಂಸ್ಥೆಗಳು ಕಟ್ಟಿದ ಉಲುಕೌ ಡಿಜಿಟಲ್ ಗ್ರಂಥಾಲಯದ ನಿಘಂಟು ಇದು. ಹಣ ಕೊಡಬೇಕಿಲ್ಲ. ಆದರೆ ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ, ಬಳಸುವ ಕ್ರಮ ಗೊತ್ತಿಲ್ಲದಿದ್ದರೆ ದಾರಿ ತಪ್ಪುವುದೂ ಸುಲಭ.

ಗುರುತುಗಳ ಮಾತು ಮೊದಲು. ಹವಾಯಿ ಲಿಪಿಯಲ್ಲಿ ಐದು ಸ್ವರ, ಎಂಟು ವ್ಯಂಜನ, ಒಟ್ಟು 13 ಅಕ್ಷರ. ಎಂಟನೆಯ ವ್ಯಂಜನವೇ ’ಒಕಿನ, ಅಂದರೆ ಗಂಟಲಲ್ಲಿ ಉಸಿರನ್ನು ಚಕ್ಕನೆ ತಡೆದು ಬಿಡುವ ಸದ್ದು. ಸ್ವರದ ಮೇಲೆ ಎಳೆಯುವ ಅಡ್ಡಗೆರೆ ಕಹಕೋ, ಅದು ದೀರ್ಘದ ಗುರುತು. ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಉಂಟು: ಎ-ಏ, ಒ-ಓ ವ್ಯತ್ಯಾಸ ನಮ್ಮ ಲಿಪಿಯಲ್ಲೇ ಇರುವುದರಿಂದ ಕಹಕೋ ಕಷ್ಟವಾಗದು. ’ಒಕಿನಕ್ಕೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ. ನೋಟ್ಸ್ ಬರೆದುಕೊಳ್ಳುವಾಗ ಆ ಜಾಗದಲ್ಲಿ ’ ಗುರುತು ಹಾಕಿಕೊಂಡರೆ ಸಾಕು, ಇಲ್ಲೂ ಹಾಗೇ ಮಾಡಿದೆ.

ಗುರುತು ಹಾಕದೆ ಪಿ-ಎ-ಯು ಎಂದು ಹುಡುಕಿ ನೋಡಿ. ಪೌ ಅಂದರೆ ಮುಗಿಯಿತು, ಪ’ಉ ಅಂದರೆ ಮಸಿ, ಪ’ಊ ಅಂದರೆ ಒದ್ದೆ, ಪಾ’ಊ ಅಂದರೆ ಲಂಗ. ಎಲ್ಲ ಸಾಲಾಗಿ ಬರುತ್ತವೆ. ಹೋಟೆಲಿನಲ್ಲಿ ಕೆಲಸಕ್ಕೆ ಬರುವ ಜೋಡಿ ಇನ್ನೊಂದಿದೆ. ’ಒನೊ ಎಂದರೆ ರುಚಿ, ಬರೀ ಒನೊ ಎಂದರೆ ಒಂದು ಜಾತಿಯ ಮೀನು. ಮೆನು ಕಾರ್ಡಿನವರು ’ಒಕಿನ ಬಿಟ್ಟಿದ್ದರೆ ನೀವೇ ಊಹಿಸಿಕೊಳ್ಳಬೇಕು.

ಫಲಿತಾಂಶ ಓದುವಾಗ ಹೊಸಬರು ಎಡವುವುದು ಹೆಚ್ಚಾಗಿ ಚುಕ್ಕಿಯಲ್ಲಿ. ಪುಕುಯಿ ಮತ್ತು ಎಲ್ಬರ್ಟ್ ಅವರ 1986ರ ನಿಘಂಟೇ ಇಲ್ಲಿಯ ಬೆನ್ನೆಲುಬು. ಅದರಲ್ಲಿ ಮುದುಕ ಎಂಬರ್ಥದ ಪದವನ್ನು ’ಎಲೆ.ಮಕುಲೆ ಎಂದು ಮುದ್ರಿಸಿದ್ದಾರೆ. ನಡುವಿನ ಚುಕ್ಕಿ ಕಾಗುಣಿತವಲ್ಲ, ಒತ್ತು ಕೊಡುವಾಗ ಪದವನ್ನು ಎಲ್ಲಿ ಒಡೆಯಬೇಕು ಎಂಬ ಸೂಚನೆ. ಪ್ರತಿ ತುಂಡಿನಲ್ಲೂ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ, ಇಲ್ಲವೇ ದೀರ್ಘಕ್ಕೆ. ಬರೆಯುವಾಗ ಚುಕ್ಕಿ ತೆಗೆದುಬಿಡಿ. ಪಕ್ಕದಲ್ಲೇ ಎನ್‌ವಿಟಿ, ಎನ್‌ವಿಐ, ಎನ್‌ವಿಎಸ್ ಎಂಬ ಸಂಕ್ಷೇಪಗಳಿರುತ್ತವೆ. ಎನ್ ನಾಮಪದ, ವಿ ಕ್ರಿಯಾಪದ, ಟಿ ಸಕರ್ಮಕ, ಐ ಅಕರ್ಮಕ, ಎಸ್ ಸ್ಥಿತಿಸೂಚಕ. ಒಂದೇ ಪದ ನಾಮಪದವೂ ಕ್ರಿಯಾಪದವೂ ಆಗುವುದು ಈ ಭಾಷೆಯಲ್ಲಿ ಮಾಮೂಲು.

ಇಂಗ್ಲಿಷಿನಿಂದ ಹವಾಯಿಗೆ ಹುಡುಕುವಾಗ ಇನ್ನೂ ಎಚ್ಚರ ಬೇಕು. ಬ್ಯಾಂಕ್ ಎಂದು ಕೊಟ್ಟರೆ ದುಡ್ಡಿನ ಬ್ಯಾಂಕಿಗೆ ಪನಕೋ ಇದೆ, ನದಿದಡಕ್ಕೆ ಕಪ. ಸಿಕ್ಕ ಮೊದಲ ಪದವನ್ನು ಎತ್ತಿಕೊಂಡು ಹೋಗಬೇಡಿ. ಅದನ್ನೇ ಮತ್ತೆ ಹವಾಯಿ ಕಡೆಯಿಂದ ಹುಡುಕಿ, ಪೂರ್ತಿ ಅರ್ಥ ಓದಿ. ಲುಅ ಎಂಬುದಕ್ಕೆ ಎರಡು, ಗುಂಡಿ, ಶೌಚಾಲಯ, ಒಂದು ಬಗೆಯ ಕಾದಾಟದ ಕಲೆ ಎಂಬ ಅರ್ಥಗಳೆಲ್ಲ ಇವೆ. ಹಚ್ಚೆ ಹಾಕಿಸಿಕೊಳ್ಳಲು ಪದ ಹುಡುಕುವವರಿಗಂತೂ ಇದು ಕಡ್ಡಾಯ.

ಒಂದೇ ಹುಡುಕಾಟದಲ್ಲಿ ಹಲವು ನಿಘಂಟುಗಳು ಸಿಗುವುದು ನನ್ನ ಮಟ್ಟಿಗೆ ಇದರ ದೊಡ್ಡ ಗುಣ. ಈ-ಮೇಲ್‌ಗೆ ಲೆಕ ಉಇಲ, ಅಂದರೆ ವಿದ್ಯುತ್ ಪತ್ರ. ಇಂಥ ಹೊಸ ಪದಗಳಿಗೆ ಮಾಮಕ ಕೈಅಒ ಎಂಬ ಸಂಗ್ರಹ ನೋಡಿ. ಆಂಡ್ರ್ಯೂಸ್ ಅವರ 1865ರ ನಿಘಂಟೂ ಇದೆ, ಆದರೆ ಅದರ ಕಾಗುಣಿತ ಇವತ್ತಿನದಲ್ಲ, ಅದನ್ನು ನಕಲು ಮಾಡಬೇಡಿ. 1834ರಿಂದ 1948ರವರೆಗೆ ಹೊರಬಂದ ಹವಾಯಿ ಪತ್ರಿಕೆಗಳನ್ನು ಓದುವವರಿಗೆ ಮಾತ್ರ ಅದು ಬೇಕೇ ಬೇಕು.

ವಾಕ್ಯ ಕಟ್ಟಲು ಈ ತಾಣ ಸಾಲದು. ಹೆಸರು ಕೇಳುವ ವಾಕ್ಯವನ್ನೇ ನೋಡಿ. ‘’ಒ ವೈ ಕೊಉ ಇನೊಅ’ ಎಂದರೆ ನಿನ್ನ ಹೆಸರೇನು. ಉತ್ತರದಲ್ಲಿ ಅದು ‘ಕೊ’ಉ ಇನೊಅ’, ನನ್ನ ಹೆಸರು, ಆಗುತ್ತದೆ. ನಡುವೆ ಇರುವುದು ಒಂದು ಗಂಟಲ ತಡೆ ಅಷ್ಟೇ. ನಮ್ಮ ‘ನಾವು’ ಅಲ್ಲಿ ನಾಲ್ಕಾಗುತ್ತದೆ: ಕೇಳುವವನೂ ಸೇರಿ ಇಬ್ಬರು ಕಾಉಅ, ಹೆಚ್ಚು ಜನ ಕಾಕೊಉ, ಅವನನ್ನು ಬಿಟ್ಟು ಇಬ್ಬರು ಮಾಉಅ, ಹೆಚ್ಚು ಜನ ಮಾಕೊಉ. ಕ್ರಿಯಾಪದ ವಾಕ್ಯದ ಕೊನೆಗಲ್ಲ, ಮೊದಲಿಗೇ ಬರುತ್ತದೆ. ಇದಕ್ಕೆಲ್ಲ ವಾಕ್ಯಗಳ ಅಭ್ಯಾಸ ಬೇಕು. 2018ರಲ್ಲಿ ಡ್ಯುಯೊಲಿಂಗೊ ಶುರು ಮಾಡಿದ ಹವಾಯಿ ಪಾಠ ಅಷ್ಟರ ಮಟ್ಟಿಗೆ ಒಳ್ಳೆಯ ಜೊತೆ.

ಅಲ್ಲಿ ಹೋದಾಗ ಕಿವಿಗೆ ಬೀಳುವುದು ಹೆಚ್ಚಾಗಿ ಇಂಗ್ಲಿಷಿನ ನಡುವೆ ಬೆರೆತ ಪದಗಳೇ. ದಾರಿ ಹೇಳುವವರು ಮಉಕ, ಅಂದರೆ ಬೆಟ್ಟದ ಕಡೆ, ಅಥವಾ ಮಕೈ, ಸಮುದ್ರದ ಕಡೆ, ಎನ್ನುತ್ತಾರೆ. ಶೌಚಾಲಯದ ಬಾಗಿಲ ಮೇಲೆ ಕಾನೆ ಇದ್ದರೆ ಗಂಡಸರದು, ವಹಿನೆ ಇದ್ದರೆ ಹೆಂಗಸರದು. ಅಂಗಡಿಯಲ್ಲಿ ಕಮ’ಆಇನ ದರ ಎಂದಿದ್ದರೆ ಅದು ಅಲ್ಲಿಯ ನಿವಾಸಿಗಳಿಗೆ, ಗುರುತಿನ ಚೀಟಿ ಕೇಳುತ್ತಾರೆ. ಅಲ್ಲಿ ನೆಲೆಸಿದವರೆಲ್ಲ ಹವಾಯಿಯನ್ನರಲ್ಲ. ಆ ಹೆಸರು ಮೂಲನಿವಾಸಿಗಳ ವಂಶದವರಿಗೆ ಸೇರಿದ್ದು.

ಹೆಚ್ಚಿನ ಕಡೆ ಬೆರೆತ ಪದಗಳಷ್ಟೇ ಉಳಿದಿರುವುದಕ್ಕೆ ಮುಖ್ಯ ಕಾರಣ 1896ರ ಕಾನೂನು. ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಕಡ್ಡಾಯವಾಗಿ, ಮನೆಯಿಂದ ಮನೆಗೆ ಮಾತು ಕಳಚಿತು. ಇವತ್ತಿಗೂ ಹವಾಯಿ ದಿನನಿತ್ಯದ ಭಾಷೆಯಾಗಿ ಬಿಡದೆ ನಡೆದುಬಂದಿರುವುದು ಪುಟ್ಟ ನಿ’ಇಹಉ ದ್ವೀಪದವರಲ್ಲಿ. 1978ರಲ್ಲಿ ರಾಜ್ಯ ಸಂವಿಧಾನ ಅದನ್ನು ಅಧಿಕೃತ ಭಾಷೆ ಮಾಡಿತು. 1984ರಲ್ಲಿ ಕಉಅ’ಇ ದ್ವೀಪದ ಕೆಕಹದಲ್ಲಿ ಪೂನನ ಲೆಒ ಶಿಶುವಿಹಾರ ತೆರೆಯಿತು, 1987ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮ ಬಂತು. ಲೆಕ್ಕ, ವಿಜ್ಞಾನವನ್ನೂ ಆ ಭಾಷೆಯಲ್ಲೇ ಕಲಿಸಬೇಕಾಗಿ ಬಂದದ್ದರಿಂದಲೇ ಮಾಮಕ ಕೈಅಒದಂಥ ಹೊಸಪದ ಸಂಗ್ರಹ ಬೇಕಾಯಿತು.