ತೇವದ ಅಲರ್ಟ್ ‘ಸರಿ ಮಾಡ್ಕೊಡ್ತೀವಿ’ ಅಂತ ಬರುವವರ ಬಗ್ಗೆ ಎಚ್ಚರ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆಫೀಸಿನಲ್ಲಿ ಸಣ್ಣದಾದರೂ ಸರ್ವರ್ ರೂಮ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಮಳೆ ಹಿಡಿಯುವ ಮೊದಲೇ ಓದಿ.

ನಮ್ಮದು ಒಂದೇ ರ‍್ಯಾಕ್ (ಸರ್ವರ್ ಜೋಡಿಸುವ ಕಬ್ಬಿಣದ ಕಪಾಟು), ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ. ರ‍್ಯಾಕಿನ ಮುಂಭಾಗದಲ್ಲಿ ಉಷ್ಣತೆ, ತೇವಾಂಶದ ಸೆನ್ಸರ್. ಜುಲೈನಲ್ಲಿ ರಾತ್ರಿಯಿಡೀ ಅಲರ್ಟ್: ತೇವಾಂಶ 72, 78, 80. ಎಎಂಸಿಯವರು (ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದವರು) ಶಿವಮೊಗ್ಗದಿಂದ ಬಂದರು, ಅರ್ಧ ಗಂಟೆ ಒಳಗಿದ್ದರು, ‘ಸರಿಯಾಯ್ತು’ ಅಂದರು, ಬಿಲ್ ಕೊಟ್ಟರು. ಅವತ್ತಿಂದ ಒಂದೇ ಒಂದು ಅಲರ್ಟ್ ಇಲ್ಲ. ಸ್ಕ್ರೀನಿನಲ್ಲಿ ತೇವಾಂಶ 45. ನಾವೂ ನಂಬಿದೆವು.

ಮೂರು ವಾರಕ್ಕೆ ನೆಟ್‌ವರ್ಕ್ ಸ್ವಿಚ್ ಸತ್ತಿತು. ಬಿಚ್ಚಿದರೆ ಪವರ್ ಸಪ್ಲೈ ಬೋರ್ಡಿನ ಮೇಲೆ ನೀರಿನ ಕಲೆ, ಅರ್ಥಿಂಗ್ ತಂತಿಯ ತಾಮ್ರದ ತುದಿಯಲ್ಲಿ ಹಸಿರು ಕಿಲುಬು. ಆಮೇಲೆ ರ‍್ಯಾಕಿನ ಹಿಂದೆ ಬಗ್ಗಿ ನೋಡಿದಾಗ ಗೊತ್ತಾಯಿತು. ಸೆನ್ಸರನ್ನು ಕಿತ್ತು ಹಿಂಭಾಗದಲ್ಲಿ, ಸರ್ವರಿನ ಬಿಸಿಗಾಳಿ ಹೊರಬರುವ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿದ್ದಾರೆ! ಆ ಬಿಸಿಗೆ ಅಲರ್ಟ್ ಬಾರದಿರಲಿ ಅಂತ ಉಷ್ಣತೆಯ ಅಲರ್ಟ್ ಮಿತಿಯನ್ನು 27ರಿಂದ 40ಕ್ಕೆ ಏರಿಸಿದ್ದಾರೆ.

ಮೋಸ ಎಲ್ಲಿದೆ ಅಂದರೆ, 24 ಡಿಗ್ರಿಯಲ್ಲಿ 80 ಶೇಕಡಾ ತೇವಾಂಶ ಇರುವ ಗಾಳಿಯನ್ನೇ 34 ಡಿಗ್ರಿಗೆ ಬಿಸಿ ಮಾಡಿದರೆ ಸೆನ್ಸರ್ ಸುಮಾರು 45 ತೋರಿಸುತ್ತದೆ. ಒಂದು ತೊಟ್ಟು ನೀರೂ ಕಡಿಮೆಯಾಗಿರುವುದಿಲ್ಲ. ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣತೆ) ಅಲ್ಲೂ ಸುಮಾರು 20 ಡಿಗ್ರಿ, ಇಲ್ಲೂ 20. ಅದೇ ಗಾಳಿ, ಅದೇ ನೀರು. ನಮಗೆ 45 ಅಂತ ತೋರಿಸಿ ದುಡ್ಡು ತಗೊಂಡು ಹೋದರು.

ಫೋನ್ ಮಾಡಿದರೆ: “ಅಲರ್ಟ್ ಬರ್ತಿದೆ ಅಂದ್ರಿ. ಈಗ ಬರ್ತಿಲ್ವಲ್ಲ ಸಾರ್?” ಮತ್ತೆ ಕೇಳಿದರೆ: “ಮಲ್ನಾಡಲ್ಲಿ ಮಳೆಗಾಲದಲ್ಲಿ ತೇವ ಇರ್ದೆ ಇನ್ನೇನಿರುತ್ತೆ?” ಕೊನೆಗೆ: “ಸೆನ್ಸರೇ ಹಾಳಾಗಿದೆ, ಹೊಸದು ಹಾಕ್ಸಿ, ಎಸಿ 18ಕ್ಕೆ ಇಟ್ಬಿಡಿ.”

ಸೆನ್ಸರ್ ಹಾಳಾಗಿರಲಿಲ್ಲ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ, ಕೆಸರಿನ ಹದಕ್ಕೆ ಕಲಸಿ, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ 75 ತೋರಿಸಬೇಕು. ನಮ್ಮದು 76 ತೋರಿಸಿತು. ಉಪ್ಪು ಸೆನ್ಸರಿಗೆ ತಾಗಬಾರದು, ಪೂರ್ತಿ ಕರಗಲೂಬಾರದು.

ಎಸಿಯನ್ನು 18ಕ್ಕೆ ಇಡುವುದಂತೂ ಅಪಾಯ. ಕಬ್ಬಿಣವೆಲ್ಲ ತಣ್ಣಗಾಗಿರುತ್ತದೆ, ಕರೆಂಟ್ ಹೋಗಿ ಎಸಿ ನಿಲ್ಲುತ್ತದೆ, ಸೆಕೆ ಅಂತ ಯಾರೋ ಬಾಗಿಲು ತೆಗೆಯುತ್ತಾರೆ, ಹೊರಗಿನ ಒದ್ದೆ ಗಾಳಿ ತಣ್ಣೀರಿನ ಲೋಟದ ಮೇಲೆ ಬೆವರಿದ ಹಾಗೆ ರ‍್ಯಾಕಿನ ಮೇಲೆ ಬೆವರುತ್ತದೆ.

ನಿಜವಾದ ಕಾರಣ ಎಸಿಯಲ್ಲೇ ಇತ್ತು. ಮಳೆಗಾಲದಲ್ಲಿ ಹೊರಗೇ 22-23 ಡಿಗ್ರಿ, ರೂಮು ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನ್ ಮಾತ್ರ ಓಡುತ್ತಾ ಕಾಯಿಲ್ ಮೇಲಿನ ನೀರನ್ನೇ ವಾಪಸ್ ರೂಮಿಗೆ ಊದುತ್ತದೆ. ಜೊತೆಗೆ ಡ್ರೈನ್ ಪೈಪಿನಲ್ಲಿ ಪಾಚಿ ಕಟ್ಟಿ ಟ್ರೇ ತುಂಬಿತ್ತು. ಕೇಬಲ್ ಬರುವ ಗೋಡೆಯ ತೂತೂ ತೆರೆದೇ ಇತ್ತು. ಪೈಪ್ ತೊಳೆದು, ತೂತು ಮುಚ್ಚಿ, ಒಂದು ಡಿಹ್ಯುಮಿಡಿಫೈಯರ್ ಇಟ್ಟ ಮೇಲೆ ಮುಂಭಾಗದ ಸೆನ್ಸರಿನಲ್ಲೇ 55ಕ್ಕೆ ಇಳಿಯಿತು. ಇದನ್ನು ಅವರು ಮೊದಲ ದಿನವೇ ಮಾಡಬಹುದಿತ್ತು.

ಅಲರ್ಟ್ ಬಂದರೆ ಅಕ್ನಾಲೆಜ್ (‘ನೋಡಿದೆ’ ಅನ್ನುವ ಬಟನ್) ಒತ್ತುವ ಮೊದಲು ಉಷ್ಣತೆ, ತೇವಾಂಶ ಎರಡನ್ನೂ ಒಟ್ಟಿಗೆ ನೋಡಿ, ಇಬ್ಬನಿ ಬಿಂದು ಲೆಕ್ಕ ಹಾಕಿ. ಅದು 15 ಡಿಗ್ರಿ ದಾಟಿದ್ದರೆ ಎಸಿ ಟ್ರೇ, ಡ್ರೈನ್ ನೋಡಿ. ಸೆನ್ಸರ್ ಇರಬೇಕಾದ್ದು ಸರ್ವರ್ ಗಾಳಿ ಎಳೆದುಕೊಳ್ಳುವ ಮುಂಭಾಗದಲ್ಲಿ. ಟ್ರ್ಯಾಪ್ (ಸೆನ್ಸರ್ ಕಡೆಯಿಂದ ತಾನಾಗಿ ಬರುವ ಎಚ್ಚರಿಕೆ ಸಂದೇಶ) ಒಂದನ್ನೇ ನಂಬಬೇಡಿ, ದಾರಿಯಲ್ಲಿ ಕಳೆದುಹೋದರೆ ಅದು ಮತ್ತೆ ಬರುವುದಿಲ್ಲ. 5 ನಿಮಿಷಕ್ಕೊಮ್ಮೆ ಪೋಲಿಂಗ್ (ನಮ್ಮ ಕಡೆಯಿಂದಲೇ ಸೆನ್ಸರಿನ ಅಂಕಿ ಕೇಳುವುದು) ಇರಲಿ, ಅಂಕಿ ಬಾರದಿದ್ದರೂ ಅಲರ್ಟ್ ಬರಲಿ. ಹೊರಗಿನವರಿಗೆ ಮಿತಿ ಬದಲಿಸುವ ಪಾಸ್‌ವರ್ಡ್ ಕೊಡಲೇಬೇಡಿ.

ಬಿಲ್ಲಿಗೆ ಸಹಿ ಹಾಕುವ ಮೊದಲು ಯಾವ ಮಿತಿ ಎಷ್ಟರಿಂದ ಎಷ್ಟಕ್ಕೆ ಹೋಯಿತು, ಸೆನ್ಸರ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬರೆಸಿಕೊಳ್ಳಿ. ನಮ್ಮ ಬಿಲ್ಲಿನಲ್ಲಿ ಇದ್ದದ್ದು ‘ಸೆನ್ಸರ್ ಸರ್ವಿಸ್’ ಎಂಬ ಎರಡೇ ಪದ.