ಪಿತ್ತನಾಳಕ್ಕೆ ಪೆಟ್ಟಾದರೆ: ಸ್ಟೆಂಟ್, ಹೊಲಿಗೆ, ಇಲ್ಲಾ ಕರುಳಿನ ಜೋಡಣೆ?

ಮೊದಲು ನೋಡಬೇಕಾದ್ದು, ಪಿತ್ತಜನಕಾಂಗದಿಂದ ಕರುಳಿಗೆ ಪಿತ್ತ ಸಾಗಿಸುವ ಈ ನಾಳ ಪೂರ್ತಿ ತುಂಡಾಗಿದೆಯಾ ಅಂತ. ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ) ಸ್ಕ್ಯಾನ್‌ನಲ್ಲಿ ಇದು ಹೆಚ್ಚಾಗಿ ಗೊತ್ತಾಗುತ್ತದೆ.

ಸಣ್ಣ ಸೋರಿಕೆ ಇದ್ದರೆ, ಇಲ್ಲವೇ ನಾಳ ಸುಮ್ನೆ ಕಿರಿದಾಗಿದ್ದರೆ, ಇಆರ್‌ಸಿಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಮೂಲಕ ಹಾಕುವ ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಕೊಳವೆ, ಸಾಕಾಗಬಹುದು. ಹೊಟ್ಟೆ ಕೊಯ್ಯುವುದಿಲ್ಲ. ಆದರೆ ಕಿರಿದಾದ ನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಆದರೆ ಸುಮಾರು 3 ತಿಂಗಳಿಗೊಮ್ಮೆ ಬದಲಿಸುತ್ತಾ ವರ್ಷದವರೆಗೂ ಓಡಾಡಬೇಕು.

ತುದಿಗೆ ತುದಿ ಸೇರಿಸಿ ಹೊಲಿಯುವುದು ಕೇಳಲು ಸರಳ, ಅಲ್ವಾ? ನಾಳದ ಭಾಗ ಕಳೆದುಹೋಗಿದ್ದರೆ, ಹೊಲಿಗೆಗೆ ಎಳೆತ ಬಿದ್ದರೆ, ಮತ್ತೆ ಕಿರಿದಾಗುವ ಭಯ ಜಾಸ್ತಿ.

ಪೂರ್ತಿ ತುಂಡಾಗಿದ್ದರೆ ನನ್ನ ಒಲವು ರೂ-ಎನ್-ವೈ ಹೆಪಾಟಿಕೋಜೆಜುನಾಸ್ಟಮಿ ಕಡೆಗೆ. ಸಣ್ಣ ಕರುಳಿನ ಒಂದು ಕವಲನ್ನು ಮೇಲೆ ತಂದು, ರಕ್ತ ಪೂರೈಕೆ ಚೆನ್ನಾಗಿರುವ ಪಿತ್ತನಾಳದ ಭಾಗಕ್ಕೆ ಹೊಲಿಯುತ್ತಾರೆ. ದೊಡ್ಡ ಆಪರೇಷನ್ ನಿಜ, ಬಾಳಿಕೆಯೂ ಹೆಚ್ಚು. ತೊಡಕೆಂದರೆ, ಆಮೇಲೆ ಇಆರ್‌ಸಿಪಿ ಕಷ್ಟ. ಸೋಂಕಿದ್ದರೆ ಮೊದಲು ಪಿತ್ತವನ್ನು ಹೊರಹರಿಸಿ, ಸೋಂಕು ತಣಿದ ಮೇಲೇ ಕೈ ಹಾಕುತ್ತಾರೆ.