ಹನ್ನೆರಡು ವರ್ಷದ ಗುರುವಾರಗಳು: ‘ಮಾರ್ನಿಂಗ್’ ವಾರಪತ್ರಿಕೆ ಓದಿದ ಅನುಭವ

ಟೋಕಿಯೊದ ನಿಶಿಕಸಾಯ್‌ನಲ್ಲಿ ನಮ್ಮ ಮನೆ. ಸಾಫ್ಟ್‌ವೇರ್ ಕೆಲಸಕ್ಕೆಂದು 2013 ರಲ್ಲಿ ಇಲ್ಲಿಗೆ ಬಂದೆ. ಆ ವರ್ಷದಿಂದಲೇ ‘ಮಾರ್ನಿಂಗ್’ ಎಂಬ ಕಾಮಿಕ್ಸ್ ವಾರಪತ್ರಿಕೆ ಕೊಳ್ಳುತ್ತಿದ್ದೇನೆ. ಗುರುವಾರ ಹೊಸ ಸಂಚಿಕೆ ಬರುತ್ತದೆ. ಸ್ಟೇಷನ್ ದಾರಿಯ ಕೊಂಬಿನಿಯಲ್ಲಿ, ಅಂದರೆ ಇಲ್ಲಿನ ಇಪ್ಪತ್ನಾಲ್ಕು ಗಂಟೆಯ ಅಂಗಡಿಯಲ್ಲಿ, ಒಂದು ತೆಗೆದುಕೊಂಡು ಬ್ಯಾಗಿಗೆ ಹಾಕುತ್ತೇನೆ. ಬೆಳಿಗ್ಗೆ ತೋಜಾಯ್ ಲೈನ್ ರೈಲಿನಲ್ಲಿ ಕೈ ಎತ್ತಲೂ ಜಾಗ ಇರುವುದಿಲ್ಲ. ಹಾಗಾಗಿ ಓದುವುದು ವಾಪಸ್ ಬರುವಾಗ, ಉಳಿದದ್ದು ಊಟ ಆದ ಮೇಲೆ. ಇಷ್ಟು ವರ್ಷ ಓದಿದ್ದೇನೆ, ಕನ್ನಡದಲ್ಲಿ ಇದರ ಬಗ್ಗೆ ಬರೆಯಬೇಕು ಅನ್ನಿಸಿತು.

ಮೊದಲು ಇದು ಏನು ಅಂತ ಹೇಳುತ್ತೇನೆ. ಕೊದಾನ್ಶಾ ಪ್ರಕಾಶನದ ಪತ್ರಿಕೆ. 1982 ರಲ್ಲಿ ‘ಕಾಮಿಕ್ ಮಾರ್ನಿಂಗ್’ ಹೆಸರಲ್ಲಿ ಹದಿನೈದು ದಿನಕ್ಕೊಮ್ಮೆ ಬರಲು ಶುರುವಾಯಿತು. 1986 ರಿಂದ ವಾರಪತ್ರಿಕೆ. ಜಪಾನಿನಲ್ಲಿ ಕಾಮಿಕ್ಸ್ ಪತ್ರಿಕೆಗಳು ಓದುಗರ ವಯಸ್ಸಿನ ಮೇಲೆ ಬೇರೆಬೇರೆ. ಹುಡುಗರದ್ದು ಶೋನೆನ್, ದೊಡ್ಡ ಗಂಡಸರದ್ದು ಸೇಯ್ನೆನ್. ಇದು ಎರಡನೆಯ ಬಗೆ. ‘ದೊಡ್ಡವರ ಕಾಮಿಕ್ಸ್’ ಅಂದ ಕೂಡಲೇ ಊರಲ್ಲಿ ಕೆಲವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಲ್ಲ. ಇದೇ ಗುಂಪಿನ ಕೆಲವು ಪತ್ರಿಕೆಗಳ ಮುಖಪುಟದಲ್ಲಿ ಈಜುಡುಗೆ ತೊಟ್ಟ ಹುಡುಗಿಯರ ಫೋಟೊ ಇರುತ್ತದೆ, ನಿಜ. ಮಾರ್ನಿಂಗ್‌ನ ಮುಖಪುಟದಲ್ಲಿ ಸಾಮಾನ್ಯವಾಗಿ ಕಥೆಯ ಪಾತ್ರಗಳೇ ಇರುತ್ತವೆ. ಒಳಗೆ ಆಫೀಸು, ಅಡುಗೆಮನೆ, ಕೋರ್ಟು, ಫುಟ್‌ಬಾಲ್ ಮೈದಾನ. ದುಡಿದು ತಿನ್ನುವವರ ಕಥೆಗಳು. ರೈಲಿನಲ್ಲಿ ಪಕ್ಕದವರು ಇಣುಕಿದರೂ ಮುಜುಗರ ಆಗುವುದು ಕಡಿಮೆ.

ಮೊದಲ ವರ್ಷ ನನಗೆ ಜಪಾನೀ ಓದಲು ಬರುತ್ತಿರಲಿಲ್ಲ. ಹಿರಗಾನಾ, ಕತಕಾನಾ ಅಕ್ಷರ ಕಲಿತಿದ್ದೆ, ಅಷ್ಟೆ. (ಆ ಅಕ್ಷರಮಾಲೆ ಅ, ಕ, ಸ, ತ, ನ, ಹ, ಮ, ಯ, ರ, ವ ಅಂತ ಸಾಗುತ್ತದೆ. ಬೌದ್ಧ ಸನ್ಯಾಸಿಗಳ ಸಂಸ್ಕೃತ ಕಲಿಕೆಯಿಂದ ಬಂದ ಕ್ರಮ ಅದು. ನಮ್ಮ ವರ್ಣಮಾಲೆ ಗೊತ್ತಿದ್ದವರಿಗೆ ಬೇಗ ನೆನಪಿರುತ್ತದೆ.) ಆದರೂ ಪತ್ರಿಕೆ ಬಿಡದೆ ಕೊಂಡದ್ದಕ್ಕೆ ಕಾರಣ ‘ವಾಗಾಬಾಂಡ್’. ಇನೊಉಎ ತಾಕೆಹಿಕೊ ಅವರು 1998 ರಲ್ಲಿ ಶುರುಮಾಡಿದ, ಖಡ್ಗವೀರ ಮಿಯಾಮೊತೊ ಮುಸಾಶಿಯ ಕಥೆ. ನಾನು ಪತ್ರಿಕೆ ಕೈಗೆತ್ತಿಕೊಂಡ ಹೊತ್ತಿಗೆ ಮುಸಾಶಿ ಯಾರ ಮೇಲೂ ಕತ್ತಿ ಬೀಸುತ್ತಿರಲಿಲ್ಲ. ಒಂದು ಬಡ ಹಳ್ಳಿಯಲ್ಲಿ ಇಯೊರಿ ಎಂಬ ಹುಡುಗನ ಜೊತೆ ಬರಡು ನೆಲ ಅಗೆದು ಗದ್ದೆ ಮಾಡಲು ನೋಡುತ್ತಿದ್ದ.

ನಮ್ಮದು ಮಂಡ್ಯ ಕಡೆ. ಅಪ್ಪ ಒಟ್ಲು ಬಿಟ್ಟು, ನಾಟಿ ಮಾಡಿಸಿ, ನಾಲೆ ನೀರಿಗೆ ರಾತ್ರಿ ಎದ್ದು ಹೋಗಿ ಬದುವಿನ ಮೇಲೆ ಕೂರುತ್ತಿದ್ದವರು. ಮಾತು ಒಂದೂ ಅರ್ಥ ಆಗದೆ, ಬರೀ ಚಿತ್ರ ನೋಡಿ ನನಗೆ ಎಲ್ಲ ಅರ್ಥ ಆಯಿತು. ಕೆಸರಿನಲ್ಲಿ ನಿಂತ ಕಾಲು, ನೆಲದ ಕಡೆ ಬಗ್ಗಿದ ಬೆನ್ನು, ನೀರು ಯಾವ ಕಡೆ ಹೋಗುತ್ತದೆ ಅಂತ ನೋಡುವ ಕಣ್ಣು. ಹೊಸ ಊರಲ್ಲಿ ಒಬ್ಬನೇ ಇದ್ದೆ. ಆ ಪುಟಗಳನ್ನು ನೋಡಿ ಅಪ್ಪನಿಗೆ ಫೋನ್ ಮಾಡಿದ್ದು ಚೆನ್ನಾಗಿ ನೆನಪಿದೆ. 2015 ರಲ್ಲಿ ವಾಗಾಬಾಂಡ್ ನಿಂತುಹೋಯಿತು. ಕಥೆ ಮುಗಿಯಲಿಲ್ಲ, ನಿಂತಿತು. ಪತ್ರಿಕೆ ಓದುಗನಾಗಿ ಇದು ನನ್ನ ದೊಡ್ಡ ನೋವು. ಆಮೇಲೂ ಎಷ್ಟೋ ತಿಂಗಳು ಪರಿವಿಡಿಯಲ್ಲಿ ಮೊದಲು ಆ ಹೆಸರನ್ನೇ ಹುಡುಕುತ್ತಿದ್ದೆ.

ಆಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕುಕಿಂಗ್ ಪಾಪಾ’. ಉಎಯಾಮಾ ತೋಚಿ ಅವರದ್ದು. 1985 ರಲ್ಲಿ ಶುರುವಾಗಿ, ಕಂತುಗಳನ್ನು ಸೇರಿಸಿ ತರುವ ಪುಸ್ತಕಗಳೇ 170 ಸಂಪುಟ ದಾಟಿವೆ. ಫುಕುವೋಕಾದಲ್ಲಿ ಆಫೀಸು ಕೆಲಸ ಮಾಡುವ ಅರಾಇವಾ ಎಂಬ ದೊಡ್ಡ ದವಡೆಯ ಭಾರಿ ಆಸಾಮಿ. ಹೆಂಡತಿ ಪತ್ರಕರ್ತೆ. ಮನೆಯಲ್ಲಿ ಅಡುಗೆ ಇವನದ್ದೇ. ಶುರುವಿನ ದಿನಗಳಲ್ಲಿ ಇದು ಆಫೀಸಿನಲ್ಲಿ ಗೊತ್ತಾಗಬಾರದು ಅಂತ ಡಬ್ಬಿ ಊಟ ಹೆಂಡತಿ ಕೊಟ್ಟದ್ದು ಅನ್ನುತ್ತಿದ್ದ. ಗಂಡಸು ಅಡುಗೆ ಮಾಡುತ್ತಾನೆ ಅಂತ ಹೇಳಿಕೊಳ್ಳುವುದೇ ಕಷ್ಟ ಆಗಿದ್ದ ಕಾಲ ಅದು. ನಮ್ಮ ಕಡೆಯೂ ಹಾಗೇ ಇತ್ತು ಅಲ್ವಾ? ಮೊದಲ ಸಂಪುಟದಲ್ಲಿ ಪುಟ್ಟವನಾಗಿದ್ದ ಮಗ ಮಾಕೊತೊ ಬೆಳೆದು ದೊಡ್ಡವನಾಗಿದ್ದಾನೆ. ತಂಗಿ ಹುಟ್ಟಿದ್ದೇ ಕಥೆ ಶುರುವಾದ ಮೇಲೆ.

ಪ್ರತಿ ಕಂತಿನ ಜೊತೆ ಒಂದು ಅಡುಗೆ ಮಾಡುವ ವಿಧಾನವೂ ಇರುತ್ತದೆ. ಅಳತೆ, ಹೆಚ್ಚುವ ಬಗೆ, ಉರಿ ಎಷ್ಟಿರಬೇಕು ಎಲ್ಲ ಚಿತ್ರದಲ್ಲಿ. ನಾನು ಅಡುಗೆ ಕಲಿತದ್ದು ಇದರಿಂದಲೇ. ಶೋಯು (ಸೋಯಾ ಸಾಸ್), ಸಕ್ಕರೆ, ಸ್ವಲ್ಪ ‘ಸಾಕೆ’ ಎಂಬ ಅಕ್ಕಿಯ ಮದ್ಯ ಹಾಕಿ ಬೇಯಿಸಿದ ಕಬೋಚಾ ಕುಂಬಳಕಾಯಿ ನಮ್ಮ ಮನೆಯಲ್ಲಿ ಈಗ ಖಾಯಂ. ಅದರ ಪಕ್ಕ ಹೆಂಡತಿ ಮಾಡಿದ ಸಾರು. ಮೀನು, ಮಾಂಸದ ಅಡುಗೆ ಜಾಸ್ತಿ, ಅದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳಿಗೆ ಸಿಗುವುದು ಕಡಿಮೆ. ದಾಶಿ ಅನ್ನುವ ಸಾರೂ ಹೆಚ್ಚಾಗಿ ಒಣಮೀನಿನದ್ದೇ.

ಇದೇ ಪತ್ರಿಕೆಯಲ್ಲಿ ಅಡುಗೆಯ ಇನ್ನೊಂದು ಕಥೆಯೂ ಬರುತ್ತದೆ. ಪ್ರತಿ ವಾರ ಅಲ್ಲ, ಆಗಾಗ. ಯೋಶಿನಾಗಾ ಫುಮಿ ಅವರು 2007 ರಲ್ಲಿ ಶುರುಮಾಡಿದ್ದು. ಹೆಸರಿನ ಅರ್ಥ ‘ನಿನ್ನೆ ಏನು ತಿಂದೆ?’. ಶಿರೋ ಒಬ್ಬ ವಕೀಲ, ಕೆಂಜಿ ಹೇರ್ ಡ್ರೆಸ್ಸರ್. ಇಬ್ಬರು ಗಂಡಸರು ಒಟ್ಟಿಗೆ ಸಂಸಾರ ಮಾಡುತ್ತಿದ್ದಾರೆ. ಇಬ್ಬರ ಊಟದ ಖರ್ಚು ತಿಂಗಳಿಗೆ 25,000 ಯೆನ್ ಮೀರಬಾರದು ಅಂತ ಶುರುವಿನಲ್ಲಿ ಶಿರೋನ ಲೆಕ್ಕ ಇತ್ತು. ಸೂಪರ್ ಮಾರ್ಕೆಟ್‌ನಲ್ಲಿ ಅವನು ಬೆಲೆ ನೋಡಿ ತರಕಾರಿ ಆರಿಸುವುದನ್ನು ನೋಡಿದರೆ ನನಗೆ ಅವ್ವನ ನೆನಪಾಗುತ್ತದೆ. ಇವರ ಸಂಬಂಧವನ್ನು ಎಲ್ಲೂ ಗದ್ದಲ ಮಾಡಿ ಹೇಳುವುದಿಲ್ಲ. ತಂದೆತಾಯಿಗೆ ವಯಸ್ಸಾಗುವುದು, ತಮಗೂ ವಯಸ್ಸಾಗುವುದು, ಎಲ್ಲ ಊಟದ ಮೇಜಿನ ಮುಂದೆಯೇ ಬರುತ್ತದೆ. ಸಂಪುಟಗಳ ಅಂಗಡಿಗೆ ಹೋಗಿದ್ದರೆ ನಾನು ಇದನ್ನು ಖಂಡಿತ ಎತ್ತಿಕೊಳ್ಳುತ್ತಿರಲಿಲ್ಲ. ಪತ್ರಿಕೆಯಲ್ಲಿ ಇತ್ತು, ಹಣ ಕೊಟ್ಟಿದ್ದೆ, ಓದಿದೆ. ನಾನಾಗಿ ಆರಿಸದ ಕಥೆಯೂ ಕೈಗೆ ಬರುತ್ತದಲ್ಲ, ವಾರಪತ್ರಿಕೆ ನನಗೆ ಇಷ್ಟವಾಗುವುದು ಅದಕ್ಕೇ.

ಶಿಮಾ ಕೋಸಾಕು ಎಂಬ ಆಫೀಸು ನೌಕರನ ಕಥೆಯ ಬಗ್ಗೆ ಹೇಳದೆ ಈ ಪತ್ರಿಕೆಯ ಮಾತು ಮುಗಿಯುವುದಿಲ್ಲ. ಅದರ ಲೇಖಕ ಹಿರೊಕಾನೆ ಕೆನ್ಶಿ ಅವರು ಮೊದಲು ಮತ್ಸುಶಿತಾ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ ಮಾಡಿದವರು. 1983 ರಲ್ಲಿ ಒಂದು ಕಲ್ಪಿತ ಎಲೆಕ್ಟ್ರಾನಿಕ್ಸ್ ಕಂಪನಿಯ ‘ಕಾಚೋ’, ಅಂದರೆ ವಿಭಾಗದ ಮುಖ್ಯಸ್ಥ, ಶಿಮಾನ ಕಥೆ ಶುರುಮಾಡಿದರು. ಅವನಿಗೆ ಬಡ್ತಿ ಸಿಕ್ಕ ಹಾಗೆ ಕಥೆಯ ಹೆಸರೂ ಬದಲಾಗುತ್ತಾ ಬಂತು. ಬುಚೋ (ಕಾಚೋಗಿಂತ ಮೇಲಿನ ಹುದ್ದೆ), ನಿರ್ದೇಶಕ, 2008 ರಲ್ಲಿ ಕಂಪನಿಯ ಅಧ್ಯಕ್ಷ, 2013 ರಲ್ಲಿ ಚೇರ್‌ಮನ್, 2019 ರಲ್ಲಿ ಸಲಹೆಗಾರ, 2022 ರಿಂದ ಬೇರೆ ಕಂಪನಿಗಳ ಹೊರಗಿನ ನಿರ್ದೇಶಕ. ನಾನು ಬಂದಾಗ ಅವನು ಚೇರ್‌ಮನ್ ಆಗಿದ್ದ. ಹಳೆಯ ಸಂಪುಟಗಳನ್ನು ಹಿಂದಕ್ಕೆ ಹೋಗಿ ಓದಿದೆ. ಆಫೀಸಿನಲ್ಲಿ ಮೀಟಿಂಗ್‌ಗೆ ಮುಂಚೆಯೇ ಒಬ್ಬೊಬ್ಬರನ್ನಾಗಿ ಒಪ್ಪಿಸಿಡುವ ‘ನೆಮವಾಶಿ’, ಸಂಸಾರ ಬಿಟ್ಟು ಬೇರೆ ಊರಿಗೆ ವರ್ಗವಾಗಿ ಹೋಗುವ ‘ತಾನ್‌ಶಿನ್ ಫುನಿನ್’ ಇವೆಲ್ಲ ನನಗೆ ಅರ್ಥವಾದದ್ದು ಅಲ್ಲಿಂದ.

ಆದರೆ ನನ್ನ ದೊಡ್ಡ ದೂರು ಇರುವುದೂ ಈ ಕಥೆಯ ಮೇಲೆಯೇ. ಹೆಂಗಸರು ಶಿಮಾನ ಮೋಹಕ್ಕೆ ಬಿದ್ದು ಅವನ ದಾರಿ ಸುಲಭ ಮಾಡುವುದು ಮತ್ತೆ ಮತ್ತೆ ಬರುತ್ತದೆ. ಓದಿ ಬೇಸರ ಆಗುತ್ತದೆ. 2024 ರ ಅಕ್ಟೋಬರ್‌ನಲ್ಲಿ ಇನ್ನೊಂದು ತಪ್ಪಾಯಿತು. ಒಕಿನಾವಾದ ಹೆನೊಕೊದಲ್ಲಿ ಅಮೆರಿಕದ ಸೇನಾನೆಲೆ ವಿರುದ್ಧ ಪ್ರತಿಭಟಿಸುವವರು ದಿನಗೂಲಿ ಪಡೆದು ಬರುತ್ತಾರೆ ಎಂಬ ಮಾತನ್ನು ಪಾತ್ರವೊಂದರ ಬಾಯಲ್ಲಿ ಹೇಳಿಸಿದರು. ಟೀಕೆ ಬಂತು. ಸರಿಯಾಗಿ ಖಚಿತ ಮಾಡಿಕೊಳ್ಳದೆ ಬರೆದೆವು ಅಂತ ಸಂಪಾದಕರೂ ಲೇಖಕರೂ ಕ್ಷಮೆ ಕೇಳಿದರು. ಕೇಳಬೇಕಾದದ್ದೇ. ನಿಜವಾದ ಕೆಲಸ, ನಿಜವಾದ ಊರು ಅಂತ ನಂಬಿ ಓದುವವರಿಗೆ ಇಂಥ ತಪ್ಪು ಸಣ್ಣದಲ್ಲ.

ನನ್ನ ವಯಸ್ಸಿನವರಿಗೆ ಹತ್ತಿರ ಆಗುವುದು ಕೊಯಾಮಾ ಚೂಯಾ ಅವರ ‘ಉಚೂ ಕ್ಯೋದಾಯ್’. ಇಂಗ್ಲಿಷಿನಲ್ಲಿ ‘ಸ್ಪೇಸ್ ಬ್ರದರ್ಸ್’. ಅಣ್ಣ ಮುತ್ತಾ ಕಾರು ಕಂಪನಿಯಲ್ಲಿ ಮೇಲಧಿಕಾರಿಗೆ ತಲೆಯಿಂದ ಗುದ್ದಿ ಕೆಲಸ ಕಳೆದುಕೊಂಡವನು. ತಮ್ಮ ಹಿಬಿತೊ ಚಂದ್ರನಿಗೆ ಹೊರಟವನು. ಮೂವತ್ತು ದಾಟಿದ ಮೇಲೆ ಅಣ್ಣ ಗಗನಯಾತ್ರಿಯ ಪರೀಕ್ಷೆಗೆ ಕೂರುತ್ತಾನೆ. ಐದೈದು ಜನರನ್ನು ಎರಡು ವಾರ ಮುಚ್ಚಿದ ಕೋಣೆಯಲ್ಲಿ ಇಟ್ಟು, ತಮ್ಮಲ್ಲೇ ಇಬ್ಬರನ್ನು ಆರಿಸಿ ಅನ್ನುವ ಭಾಗ ಇದೆಯಲ್ಲ, ಅದನ್ನು ಎಷ್ಟು ಸಲ ಓದಿದರೂ ಸಾಕಾಗಲ್ಲ. ಕಥೆ ಪತ್ರಿಕೆಯಲ್ಲಿ ಶುರುವಾದದ್ದು 2007 ರ ಕೊನೆಗೆ. ಅದರೊಳಗಿನ ಕಾಲ 2025. ಆಗ ಅದು ದೂರದ ವರ್ಷ. ಆಮೇಲೆ ಕ್ಯಾಲೆಂಡರ್‌ನಲ್ಲೂ 2025 ಬಂದೇಬಿಟ್ಟಿತು.

ಇನ್ನು ಬಳಕೆಯ ವಿಷಯ. ನಡುವೆ ಪಿನ್ ಹೊಡೆದ ದಪ್ಪ ಪತ್ರಿಕೆ, ಒರಟು ಕಾಗದ, ಮುಂದೆ ಕೆಲವು ಬಣ್ಣದ ಪುಟ ಬಿಟ್ಟರೆ ಎಲ್ಲ ಕಪ್ಪುಬಿಳುಪು. ಬಲದಿಂದ ಎಡಕ್ಕೆ ಓದಬೇಕು. ಎರಡು ವಾರದಲ್ಲಿ ರೂಢಿ ಆಗುತ್ತದೆ. ಮಕ್ಕಳ ಪತ್ರಿಕೆಗಳಲ್ಲಿ ಕಾಂಜಿಯ, ಅಂದರೆ ಚೀನಾ ಮೂಲದ ಚಿತ್ರಾಕ್ಷರದ, ಪಕ್ಕ ಉಚ್ಚಾರ ತಿಳಿಸುವ ಸಣ್ಣ ಅಕ್ಷರ, ಫುರಿಗಾನಾ, ಎಲ್ಲ ಕಡೆ ಇರುತ್ತದೆ. ಇಲ್ಲಿ ಆ ಸಹಾಯವನ್ನು ಅಷ್ಟು ನೆಚ್ಚಬೇಡಿ. ನನಗೆ ಒಂದು ಸಂಚಿಕೆ ನಿಘಂಟು ಇಲ್ಲದೆ ಓದಿ ಮುಗಿಸಲು ನಾಲ್ಕು ವರ್ಷ ಬೇಕಾಯಿತು. ಆದರೆ ಆಫೀಸಿನಲ್ಲಿ ಬಳಸುವ ಮರ್ಯಾದೆಯ ಮಾತು, ಗೆಳೆಯರ ಮಾತು, ಫುಕುವೋಕಾದ ಹಕಾತಾ ಕಡೆಯ ಆಡುಮಾತು ಎಲ್ಲ ಒಂದೇ ಕಡೆ ಸಿಗುತ್ತದೆ. ಜಪಾನೀ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ. ಹೊಸ ವರ್ಷ, ಮೇ ತಿಂಗಳ ರಜೆ, ಆಗಸ್ಟ್‌ನ ಒಬೊನ್ (ಹಿರಿಯರನ್ನು ನೆನೆಯುವ ಹಬ್ಬ) ಹೊತ್ತಿಗೆ ಎರಡು ವಾರಕ್ಕೆ ಸೇರಿ ಒಂದೇ ಸಂಚಿಕೆ. ಗೊತ್ತಿಲ್ಲದೆ ಅಂಗಡಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರಬೇಡಿ.

ಡಿಜಿಟಲ್‌ನಲ್ಲೂ ಇದೆ. 2013 ರಲ್ಲಿ ‘ಡಿ ಮಾರ್ನಿಂಗ್’ ತಿಂಗಳಿಗೆ 500 ಯೆನ್‌ಗೆ ಶುರುವಾಯಿತು. 2018 ರಲ್ಲಿ ‘ಕಾಮಿಕ್ ಡೇಸ್’ ಬಂದಾಗ 720 ಯೆನ್‌ಗೆ ಆರು ಪತ್ರಿಕೆ ಕೊಟ್ಟರು. ಹಣದ ಲೆಕ್ಕದಲ್ಲಿ ಅದೇ ಲಾಭ. ನಾನು ಒಂದು ವರ್ಷ ಹಾಗೇ ಓದಿದೆ. ಆದರೆ ಫೋನಿನಲ್ಲಿ ನನಗೆ ಬೇಕಾದ ಕಥೆಗೆ ನೇರ ಹಾರಿಬಿಡುತ್ತೇನೆ, ಉಳಿದದ್ದು ಹಾಗೇ ಉಳಿಯುತ್ತದೆ. ಮತ್ತೆ ಕಾಗದಕ್ಕೆ ಬಂದೆ. ಕಾಗದದ ಸಮಸ್ಯೆ ಜಾಗ. ಸಣ್ಣ ಮನೆಯಲ್ಲಿ ಒಂದು ವರ್ಷದ ಸಂಚಿಕೆ ಇಡಲು ಆಗಲ್ಲ. ಇಲ್ಲಿಯವರು ದಾರದಲ್ಲಿ ಕಟ್ಟಿ ಹಳೆ ಕಾಗದ ಒಯ್ಯುವ ದಿನ ಹೊರಗಿಡುತ್ತಾರೆ. ಇಷ್ಟವಾದ ಕಥೆಯ ಸಂಪುಟ ಬಂದಾಗ ಅದನ್ನು ಕೊಂಡು ಇಟ್ಟುಕೊಳ್ಳುತ್ತಾರೆ. ಊರಲ್ಲಿರುವ ಕನ್ನಡದ ಓದುಗರಿಗೆ ವಾಗಾಬಾಂಡ್, ಸ್ಪೇಸ್ ಬ್ರದರ್ಸ್, ಯೋಶಿನಾಗಾ ಅವರ ಕಥೆ ಇಂಗ್ಲಿಷಿನಲ್ಲಿ ಸಿಗುತ್ತವೆ. ಇಡೀ ಪತ್ರಿಕೆ ಬೇಕಿದ್ದರೆ ಜಪಾನೀ ಕಲಿಯಬೇಕು.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ.

ಅವ್ವ ಸುಧಾ, ತರಂಗದ ಧಾರಾವಾಹಿಯ ಪುಟಗಳನ್ನು ವಾರವಾರ ಬಿಡಿಸಿಟ್ಟು, ಕಥೆ ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ನಾನೂ ಸಂಚಿಕೆ ಕಟ್ಟಿ ಹೊರಗಿಡುವ ಮುಂಚೆ ಅಡುಗೆಯ ಪುಟಗಳನ್ನು ಕತ್ತರಿಸಿ ಫೈಲಿಗೆ ಹಾಕುತ್ತೇನೆ. ಈಗ ಇರುವುದು ಮೂರನೆಯ ಫೈಲು. ಕಾಂಜಿ ತಿಳಿಯದ ಕಡೆ ಮಗಳು ಪೆನ್ಸಿಲಿನಲ್ಲಿ ಉಚ್ಚಾರ ಬರೆದುಕೊಡುತ್ತಾಳೆ.